ಹೊರಗಿನ ಫ್ಲಾಪಿ

ಮೇಷ್ಟ್ರು ನನ್ನ ಫ್ಲಾಪಿಯನ್ನು ಕೈಯಿಂದ ಮುಟ್ಟಲಿಲ್ಲ. ಮೇಜಿನ ಮೇಲಿದ್ದ ಸ್ಕೇಲು ತೆಗೆದುಕೊಂಡು, ಅದರ ತುದಿಯಿಂದ ಫ್ಲಾಪಿಯನ್ನು ನನ್ನ ಕಡೆಗೆ ತಳ್ಳಿದರು. "ಮೊದಲು ಆರನೇ ನಂಬರಿನಲ್ಲಿ ತೋರಿಸು," ಅಂದರು. ಎರಡು ಸಾವಿರನೇ ಇಸವಿ, ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಹತ್ತೂವರೆ. ಆ ದಿನದ ಡೈರಿಯಲ್ಲಿ ಇರುವುದು ಒಂದೇ ಸಾಲು: "ಸ್ಕೇಲು. ಕೈ ಅಲ್ಲ."

ಇದಾಗಿ ಮೂರು ವರ್ಷ ಆಯಿತು. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕಾದೆ. ಇಳಿಯಲಿಲ್ಲ. ಅದಕ್ಕೇ ಹಾಗೆಯೇ ಬರೆಯುತ್ತಿದ್ದೇನೆ.

ಕಂಪ್ಯೂಟರ್ ತರಬೇತಿ ಕೇಂದ್ರ ಇದ್ದದ್ದು ನಂಜನಗೂಡಿನಲ್ಲಿ, ಒಂದು ಬಾಳೆಕಾಯಿ ಮಂಡಿಯ ಮೇಲಿನ ಮಹಡಿಯಲ್ಲಿ. ಆರು ಕಂಪ್ಯೂಟರು. ಚಪ್ಪಲಿ ಮೆಟ್ಟಿಲ ಮೇಲೆ ಬಿಡಬೇಕು. ಒಂದನೇ ನಂಬರಿನದು ಮಾತ್ರ ಗಾಜಿನ ಬಾಗಿಲಿದ್ದ ಒಳಕೋಣೆಯಲ್ಲಿ. ಇಂಟರ್ನೆಟ್ಟಿನ ಮೋಡೆಮ್ ಇದ್ದದ್ದೂ ಅಲ್ಲೇ. ಉಳಿದ ಐದು ಹೊರಗೆ ಸಾಲಾಗಿ. ಆರನೆಯದು ಬಾಗಿಲ ಪಕ್ಕ, ಚಪ್ಪಲಿಗಳಿಗೆ ಎಲ್ಲಕ್ಕಿಂತ ಹತ್ತಿರ. ಜುಲೈಯಲ್ಲಿ ಸೇರಿದ ದಿನದಿಂದ ನಾನು ಕೂರುತ್ತಿದ್ದದ್ದು ಮೂರನೆಯದರಲ್ಲಿ.

ನಮ್ಮ ಮನೆ ಇರುವುದು ಟಿ. ನರಸೀಪುರ ತಾಲ್ಲೂಕಿನಲ್ಲಿ, ಬನ್ನೂರು ರಸ್ತೆಯ ಒಂದು ಹಳ್ಳಿಯಲ್ಲಿ. ವಾರವೆಲ್ಲ ನಂಜನಗೂಡಿನ ಚಿಕ್ಕವ್ವನ ಮನೆಯಲ್ಲಿ ಇರುತ್ತಿದ್ದೆ. ಚಿಕ್ಕವ್ವ ಅಲ್ಲಿನ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸದವಳು. ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ನರಸೀಪುರಕ್ಕೆ ಹೋಗುತ್ತಿದ್ದೆ. ನಾನು ಓದಿದ ಹೈಸ್ಕೂಲು ಅಲ್ಲಿದೆ. ಆ ಶಾಲೆಗೆ ಯಾರೋ ದಾನಿಗಳು ಪ್ರಿಂಟರ್ ಸಮೇತ ಒಂದು ಕಂಪ್ಯೂಟರು ಕೊಟ್ಟಿದ್ದರು. ಎಂಟು ತಿಂಗಳಿಂದ ಅದಕ್ಕೆ ಹಳೇ ಪಂಚೆ ಹೊದಿಸಿ ಇಟ್ಟಿದ್ದರು. ಹೆಡ್‌ಮೇಡಂ ನನ್ನನ್ನು ಕರೆದು ಹೇಳಿದ್ದು ಡೈರಿಯಲ್ಲಿ ಅವರ ಮಾತಿನಲ್ಲೇ ಇದೆ: "ಇದರಲ್ಲಿ ಇಂಗ್ಲಿಷ್ ಬಿಟ್ಟು ಇನ್ನೇನೂ ಬರಲ್ಲ. ನಮ್ಮ ಮಕ್ಕಳಿಗೆ ಕನ್ನಡ ಬೇಕು. ದಸರಾ ರಜೆ ಮುಗಿದು ಶಾಲೆ ತೆರೆಯೋ ಸೋಮವಾರದೊಳಗೆ ಕನ್ನಡ ಅಕ್ಷರ ಮೂಡಿಸಿಕೊಡು. ಕಂಪ್ಯೂಟರ್ ಪೀರಿಯಡ್ ನಿನಗೇ. ಇಲ್ಲದಿದ್ದರೆ ಮೈಸೂರಿನಿಂದ ಯಾರನ್ನಾದರೂ ಕರೆಸ್ತೀನಿ."

ನನಗೆ ಬೇಕಾಗಿದ್ದದ್ದು ಅದೊಂದೇ. ನಾನು ಓದಿದ ಶಾಲೆಯಲ್ಲಿ, ನಾನು ಕಲಿಸುವ ಪೀರಿಯಡ್.

ಶಾಲೆಯ ಕಂಪ್ಯೂಟರಿಗೆ ಇಂಟರ್ನೆಟ್ ಇರಲಿಲ್ಲ, ಸೀಡಿ ಹಾಕುವ ಜಾಗವೂ ಇರಲಿಲ್ಲ. ಕನ್ನಡ ಬರೆಯುವ ತಂತ್ರಾಂಶವೊಂದನ್ನು ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದರು. ಯಾರು ಬೇಕಾದರೂ ಇಳಿಸಿಕೊಳ್ಳಿ, ಯಾರಿಗೆ ಬೇಕಾದರೂ ಕೊಡಿ ಎಂದು ಅಲ್ಲೇ ಬರೆದಿತ್ತು. ಅದನ್ನು ನಂಜನಗೂಡಿನಲ್ಲಿ ಇಳಿಸಿ, ಐದು ತುಂಡು ಮಾಡಿ, ಐದು ಫ್ಲಾಪಿಗಳಲ್ಲಿ ತುಂಬಿ, ಬಸ್ಸಿನಲ್ಲಿ ನರಸೀಪುರಕ್ಕೆ ಒಯ್ದು, ಅಲ್ಲಿ ಮತ್ತೆ ಜೋಡಿಸಬೇಕು. ಕೇಳುವುದಕ್ಕೆ ಇಷ್ಟೇ.

ಮೇಷ್ಟ್ರು ಒಳ್ಳೆಯ ಮೇಷ್ಟ್ರೇ. ಇದನ್ನು ಬರೆಯದಿದ್ದರೆ ನನ್ನ ಲೆಕ್ಕ ಸುಳ್ಳಾಗುತ್ತದೆ. ಪೂಜೆ, ಪಾಠ ಎರಡೂ ಇದ್ದ ಮನೆತನದವರು. ಮೈಸೂರಿನಲ್ಲಿ ಕೆಲಸ ಕಲಿತು ಬಂದು ಕೇಂದ್ರ ತೆರೆದಿದ್ದರು. ಒಂದು ವಿಷಯವನ್ನು ಹತ್ತು ಸಲ ಕೇಳಿದರೂ ಬೇಸರಪಡುತ್ತಿರಲಿಲ್ಲ. ನೆಟ್‌ವರ್ಕ್ ಎಂದರೇನು ಎಂದು ಅವರು ಹೇಳಿದ್ದು ಯಾವ ಪುಸ್ತಕದಲ್ಲೂ ಅಷ್ಟು ಚೆನ್ನಾಗಿಲ್ಲ. ಪರದೆಯ ಮೇಲೆ 'ನೆಟ್‌ವರ್ಕ್ ನೇಬರ್‌ಹುಡ್' ಎಂಬ ಚಿತ್ರ ತೋರಿಸಿ, "ನೇಬರ್‌ಹುಡ್ ಅಂದರೆ ನೆರೆಹೊರೆ. ನಮ್ಮ ನಮ್ಮ ಕೇರಿ ಇದ್ದ ಹಾಗೆ. ಇಲ್ಲಿ ಆರು ಮನೆ. ಯಾರು ಬಾಗಿಲು ತೆಗೆದಿಟ್ಟಿದ್ದಾರೋ ಅವರ ಮನೆಗೆ ನೀವು ಕೂತಲ್ಲಿಂದಲೇ ಹೋಗಿ ಬರಬಹುದು," ಎಂದರು. ಬಾಗಿಲು ತೆಗೆಯುವುದಕ್ಕೆ 'ಶೇರ್' ಎಂದು ಒತ್ತಬೇಕು. ಒತ್ತಿದ ತಕ್ಷಣ ಆ ಫೋಲ್ಡರಿನ ಕೆಳಗೆ ಒಂದು ಕೈ ಮೂಡುತ್ತಿತ್ತು. ತಟ್ಟೆ ಹಿಡಿದು ಬಡಿಸಲು ನಿಂತವರ ಕೈಯ ಹಾಗೆ. ಆ ಕೈ ಕಂಡರೆ ನನಗೆ ಆಗ ಖುಷಿಯಾಗುತ್ತಿತ್ತು.

ಇಳಿಸುವ ಕೆಲಸ ಮಾತ್ರ ನಾಯಿಪಾಡು. ಮೋಡೆಮ್ಮಿಗೆ ಇದ್ದದ್ದೂ ಕೆಳಗಿನ ಮಂಡಿಗೆ ಇದ್ದದ್ದೂ ಒಂದೇ ಫೋನ್ ಲೈನು. ಕೆಳಗೆ ಯಾರಾದರೂ ರಿಸೀವರ್ ಎತ್ತಿದರೆ ಮೇಲೆ ಎಲ್ಲ ಕಡಿದುಹೋಗುತ್ತಿತ್ತು, ಮತ್ತೆ ಮೊದಲಿನಿಂದ. ಮೂರನೇ ಸಲ ಕಡಿದಾಗ ನಾನು ಕೆಳಗಿಳಿದು ಹೋದೆ. ಮಂಡಿಯ ಸಾಹುಕಾರರು ರಿಸೀವರನ್ನು ನನ್ನ ಮುಖಕ್ಕೇ ಹಿಡಿದರು.

"ಏನವ್ವ ಇದು? ಕಿವಿಗಿಕ್ಕುದ್ರೆ ಕೆರೆ ಕಪ್ಪೆ ವಟಗುಟ್ದಂಗೆ ಅದೆ! ಗುಂಡ್ಲುಪೇಟೆ ಲಾರಿ ಎಲ್ಲದೆ ಅಂತ ಕೇಳಾನ ಅಂದ್ರೆ ನೀವು ಮ್ಯಾಲೆ ಕಪ್ಪೆ ಸಾಕ್ತಿದ್ದೀರಲ್ಲ!"

"ಸಾ, ನೀವು ಯಾವ ಹೊತ್ನಲ್ಲಿ ಫೋನ್ ಮುಟ್ಟಲ್ಲ ಹೇಳಿ. ಆ ಹೊತ್ನಲ್ಲೇ ಕೂತ್ಕೋತೀನಿ."

ಅವರು ಯೋಚಿಸಿ ಹೇಳಿದರು: "ಒಂದೂಕಾಲಿಂದ ಎರಡು. ಆಗ ಮುದ್ದೆ ಮುಂದೆ ಕುಂತಿರ್ತೀನಿ. ಆಗ ಸ್ವರ್ಗದಿಂದ ಫೋನ್ ಬಂದ್ರೂ ಎತ್ತಾಕಿಲ್ಲ."

ಅಂದಿನಿಂದ ಮಧ್ಯಾಹ್ನದ ಊಟ ಬಿಟ್ಟೆ. ಮೇಷ್ಟ್ರೂ ಆ ಹೊತ್ತಿಗೆ ಊಟಕ್ಕೆ ಮನೆಗೆ ಹೋಗುತ್ತಿದ್ದರು. "ಒಳಗೆ ಕೂತ್ಕೋ ಹೋಗಮ್ಮ, ನಿನ್ನಂಥ ಶ್ರದ್ಧೆ ಇನ್ನೊಬ್ಬರಿಗಿಲ್ಲ," ಎಂದು ಒಳಕೋಣೆಯ ಬೀಗದ ಕೈ ಅವರೇ ಕೊಡುತ್ತಿದ್ದರು. ಡೈರಿಯಲ್ಲಿ ಒಂದು ಪುಟ ಇದೆ: ಮೊದಲ ಸಲ ನೂರಕ್ಕೆ ಹನ್ನೊಂದು, ಎರಡನೇ ಸಲ ನಲವತ್ತು, ಆರನೇ ಸಲ ತೊಂಬತ್ತಾರು. ತೊಂಬತ್ತಾರಕ್ಕೆ ಬಂದು ಕರೆಂಟು ಹೋಯಿತು. ಹದಿನಾಲ್ಕನೇ ಸಲಕ್ಕೆ ಪೂರ್ತಿ ಇಳಿಯಿತು. ಅದನ್ನು ಒಂದನೇ ನಂಬರಿನ ಶೇರ್ ಫೋಲ್ಡರಿನಲ್ಲೇ ಇಟ್ಟೆ. ಎಲ್ಲರಿಗೂ ಬೇಕಾದರೆ ಆಗಲಿ ಎಂದು. ಆಗಸ್ಟ್ ಕೊನೆಯ ಶನಿವಾರ. ತುಂಬಿಕೊಳ್ಳಲು ಫ್ಲಾಪಿ ಕೊಳ್ಳಬೇಕಾದರೆ ಚಿಕ್ಕವ್ವನ ಸಂಬಳದ ದಿನ ಬರಬೇಕಿತ್ತು.

ಆ ಭಾನುವಾರ ಮೇಷ್ಟ್ರು ನರಸೀಪುರದ ಕಡೆ ಒಂದು ಮದುವೆಗೆ ಹೋಗಿದ್ದರು. ಸೋಮವಾರ ನನ್ನ ಹತ್ತಿರ ಬಂದು ಮೆತ್ತಗೆ ಕೇಳಿದರು: "ಊರಲ್ಲಿ ನಿಮ್ಮದು ಯಾವ ಬೀದಿನಮ್ಮ?"

ಈ ಪ್ರಶ್ನೆಯ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು. ಜಾತಿ ಯಾವುದು ಎಂದು ಕೇಳಲು ನಾಚುವವರು ಬೀದಿ ಯಾವುದು ಎಂದು ಕೇಳುತ್ತಾರೆ. ನಮ್ಮದು ಊರಾಚೆಯ ಬೀದಿ. ಅಪ್ಪನ ಕಾಲದಲ್ಲಿ ನಮ್ಮ ಮನೆಗಳಲ್ಲಿ ಬುದ್ಧನ ಪಟ ಬಂತು. ಊರವರ ಬಾಯಲ್ಲಿ ಬೀದಿಯ ಹೆಸರು ಹಳೆಯದೇ ಉಳಿಯಿತು. ನಾನು ಮರೆಮಾಚಲಿಲ್ಲ, ಹೇಳಿದೆ. ಅವರು "ಓ, ಹಾಗೋ," ಎಂದು ಕನ್ನಡಕ ಒರೆಸಿಕೊಂಡು ಹೋದರು.

ಮುಂದಿನ ಸೋಮವಾರವೇ ಸ್ಕೇಲು.

ಅಂದು ಎರಡು ಕಂಪ್ಯೂಟರುಗಳಲ್ಲಿ ಫೈಲುಗಳು ಕಾಣೆಯಾಗಿದ್ದವು. ವೈರಸ್ ಬಂದಿದೆ ಎಂದು ಮೇಷ್ಟ್ರು ಎಲ್ಲರನ್ನೂ ಸೇರಿಸಿ ಹೊಸ ನಿಯಮ ಹೇಳಿದರು. ಹೊರಗಿನಿಂದ ತಂದ ಫ್ಲಾಪಿಯನ್ನು ಮೊದಲು ಆರನೇ ನಂಬರಿನಲ್ಲಿ ತೋರಿಸಬೇಕು. ವೈರಸ್ ಹಿಡಿಯುವ ಪ್ರೋಗ್ರಾಮನ್ನು ಅದರಲ್ಲಿ ಮಾತ್ರ ಹಾಕಿದ್ದರು. ಉಳಿದವುಗಳಲ್ಲಿ ಹಾಕಿದರೆ ನಿಧಾನ ಆಗುತ್ತವಂತೆ. ಆರನೆಯದರಲ್ಲಿ ರೋಗದ ಫ್ಲಾಪಿಗಳನ್ನು ಹಾಕುತ್ತೇವಾದ್ದರಿಂದ ಅದರಿಂದ ಒಂದನೇ ನಂಬರಿನ ಶೇರ್ ಫೋಲ್ಡರ್ ತೆರೆಯುವುದಿಲ್ಲ, ಪಾಸ್‌ವರ್ಡ್ ಹಾಕಿದ್ದೇನೆ ಎಂದರು. ಮೇಲೆ ಒಂದು ಮಾತು ಸೇರಿಸಿದರು: "ಕಂಪ್ಯೂಟರಿಗೂ ಮಡಿ ಮೈಲಿಗೆ ಅಂತ ಇದೆ ಕಣ್ರಪ್ಪ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವಿನ ಮೇಲೆ ನನಗೆ ಇರುವ ಸಿಟ್ಟು ಮೇಷ್ಟ್ರ ಮೇಲೂ ಇಲ್ಲ.

ನಗು ನಿಂತ ಮೇಲೆ ಅವರು ನನ್ನ ಕಡೆ ತಿರುಗಿ, "ನೀನು ಇನ್ನು ಮೇಲೆ ಆರರಲ್ಲೇ ಕೂತ್ಕೋಮ್ಮ. ಬಾಗಿಲ ಹತ್ತಿರ ಗಾಳಿ ಚೆನ್ನಾಗಿ ಬರುತ್ತೆ," ಅಂದರು. ಒಳಕೋಣೆಯ ಬೀಗದ ಕೈ ಆಮೇಲೆ ನನ್ನ ಕೈಗೆ ಬರಲಿಲ್ಲ.

ಆರನೆಯದರಲ್ಲಿ ಕೂತು ನೆರೆಹೊರೆಯ ಚಿತ್ರ ಒತ್ತಿದರೆ ಆರೂ ಮನೆ ಕಾಣುತ್ತಿದ್ದವು. ಒಂದನೇ ನಂಬರಿನ ಫೋಲ್ಡರೂ ಅದರ ಕೆಳಗಿನ ಕೈಯೂ ಕಾಣುತ್ತಿದ್ದವು. ಒಳಗೆ ಹೋಗಲು ಒತ್ತಿದರೆ ಪಾಸ್‌ವರ್ಡ್ ಕೇಳುತ್ತಿತ್ತು. ಅಷ್ಟು ಮಧ್ಯಾಹ್ನ ಹಸಿದು ಕೂತು ನಾನೇ ಇಳಿಸಿದ ತಂತ್ರಾಂಶ ಅದರೊಳಗೆ ಇತ್ತು. ನೋಡಬಹುದು, ಮುಟ್ಟುವ ಹಾಗಿಲ್ಲ. ನಮ್ಮಜ್ಜಿ ಬೇರೆಯವರ ಹೊಲಕ್ಕೆ ಕೂಲಿಗೆ ಹೋದಾಗ ಬೊಗಸೆ ಒಡ್ಡಿ ನಿಲ್ಲುತ್ತಿದ್ದಳಂತೆ, ಅವರು ಮೇಲಿನಿಂದ ನೀರು ಹುಯ್ಯುತ್ತಿದ್ದರಂತೆ. ಆ ಕಥೆಯನ್ನು ಅಜ್ಜಿ ನಗುನಗುತ್ತಲೇ ಹೇಳುತ್ತಿದ್ದಳು. ಪರದೆಯ ಮೇಲಿನ ಕೈ ಬಡಿಸುವ ಕೈ ಎಂದು ನಾನು ತಿಳಿದಿದ್ದು ತಪ್ಪು ಅನ್ನಿಸಿತು. ಅದು ಒಡ್ಡಿದ ಕೈ.

ಚಿಕ್ಕವ್ವನಿಗೆ ಎಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡಳು.

"ಅದೇನೋ ಇಳುಸ್ತಿನಿ ಇಳುಸ್ತಿನಿ ಅಂತಿದ್ದಲ್ಲ, ಅದು ಕಬ್ಬಿನ ಲೋಡ್ ಇದ್ದಂಗಾ? ಇಳುಸ್ಕಂಡ್ರೆ ಅವ್ರ ತಾವ ಖಾಲಿ ಆಗ್ಬುಡ್ತದಾ?"

"ಇಲ್ಲ ಚಿಕ್ಕವ್ವ. ಎಷ್ಟು ಜನ ತಗೊಂಡ್ರೂ ಅಲ್ಲೂ ಇರುತ್ತೆ, ಇಲ್ಲೂ ಇರುತ್ತೆ."

"ಅಂಗಾದ್ರೆ ಕೊಡಕ್ಕೆ ಅವುರ್ಗೇನ್ ರ್‍ವಾಗ?"

ಅವಳು ಕೇಳಿದ್ದನ್ನು ಬರೆದಿಟ್ಟುಕೊಂಡೆ.

ಮೇಷ್ಟ್ರ ಮನಸ್ಸಿನಲ್ಲಿ ಏನಿತ್ತು ಎಂದು ನಾನು ಡೈರಿಯಲ್ಲಿ ಬರೆಯಲಾರೆ. ಅದು ನನಗೆ ಕಾಣುವುದಿಲ್ಲ. ಎಣಿಸುವುದು ಮಾತ್ರ ಗೊತ್ತು. ಮಾರನೆಯ ದಿನದಿಂದಲೇ ಒಂದು ಪುಟದಲ್ಲಿ ಗೆರೆ ಹಾಕಿ ಎಣಿಸತೊಡಗಿದೆ. ಯಾರು ಹೊರಗಿನ ಫ್ಲಾಪಿ ತಂದರು, ಆರರಲ್ಲಿ ತೋರಿಸಿದರೋ ಇಲ್ಲವೋ, ವೈರಸ್ ಸಿಕ್ಕಿತೋ ಇಲ್ಲವೋ. ಬಾಗಿಲ ಪಕ್ಕ ಕೂತವಳಿಗೆ ಇದು ಸುಲಭ. ಬರುವವರೆಲ್ಲ ನನ್ನನ್ನು ದಾಟಿಯೇ ಬರಬೇಕು.

ಮೊದಲ ಮೂರು ದಿನ ಎಲ್ಲರೂ ತೋರಿಸಿದರು. ನಾಲ್ಕನೇ ದಿನದಿಂದ ನಿಯಮ ತಾನಾಗಿ ಸಡಿಲವಾಯಿತು, ನನ್ನೊಬ್ಬಳಿಗೆ ಬಿಟ್ಟು. ಅಕ್ಟೋಬರ್ ಮಧ್ಯದವರೆಗೆ ಬೇರೆಯವರು ಅರವತ್ಮೂರು ಸಲ ಹೊರಗಿನ ಫ್ಲಾಪಿ ತಂದರು, ತೋರಿಸಿದ್ದು ಒಂಬತ್ತು. ನಾನು ಹನ್ನೊಂದು ಸಲ ತಂದೆ; ಹನ್ನೊಂದು ಸಲವೂ ತೋರಿಸಿದೆ; ಹನ್ನೊಂದರಲ್ಲೂ ವೈರಸ್ ಇರಲಿಲ್ಲ. ಒಂದನೇ ನಂಬರಿನೊಳಗೆ ಹೋದದ್ದು ಒಂದೂ ಇಲ್ಲ. ಪ್ರತಿ ಸಲವೂ ಮೇಷ್ಟ್ರು ಒಂದೇ ಮಾತು ಹೇಳುತ್ತಿದ್ದರು: "ಇರಲಿ ಬಿಡಮ್ಮ, ರಿಸ್ಕ್ ಯಾಕೆ?"

ಮೇಷ್ಟ್ರ ಅಕ್ಕನ ಮಗ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಶನಿವಾರ ಶನಿವಾರ ಜೇಬಿನ ತುಂಬ ಆಟದ ಫ್ಲಾಪಿ ತುಂಬಿಕೊಂಡು ಬರುತ್ತಿದ್ದ. ಚಪ್ಪಲಿ ಕಳಚುತ್ತಲೇ "ಮಾವಾ!" ಎಂದು ಕೂಗಿ ನೇರ ಒಳಕೋಣೆಗೆ. ಐದು ಶನಿವಾರ, ಹದಿನೇಳು ಫ್ಲಾಪಿ, ತೋರಿಸಿದ್ದು ಸೊನ್ನೆ. ಫೈಲುಗಳು ಕಾಣೆಯಾಗುತ್ತಿದ್ದದ್ದು ಸೋಮವಾರ. ಪ್ರತಿ ಸೋಮವಾರ. ಇದನ್ನು ನಾನು ಪುಟದ ಮೇಲೆ ಕಂಡದ್ದು ಮೂರನೇ ವಾರ.

ನನ್ನ ಪಕ್ಕ ಐದನೇ ನಂಬರಿನಲ್ಲಿ ಕೂರುತ್ತಿದ್ದವಳು ಹೆಮ್ಮರಗಾಲದ ಒಕ್ಕಲು ಮನೆಯವಳು. ಬಾಯಿ ಜೋರು, ಮನಸ್ಸು ಒಳ್ಳೆಯದು. ಅವಳ ಕಂಪ್ಯೂಟರಿನಿಂದ ಶೇರ್ ಫೋಲ್ಡರ್ ತೆರೆಯುತ್ತಿತ್ತು.

"ಕೊಡೇ ಇಲ್ಲಿ ನಿನ್ನ ಫ್ಲಾಪಿ. ಅವ್ರು ಊಟುಕ್ಕೆ ಓದಾಗ ಐದೂ ತುಂಡು ತುಂಬ್ಕೊಡ್ತೀನಿ. ಯಾವನ್ಗೆ ಗೊತ್ತಾಗ್ತದೆ?"

"ಬೇಡ."

"ಬೇಡ್ವಾ? ಯಾಕ್ಲೇ?"

"ಇಳಿಸಿದ್ದು ನಾನು. ನಾನು ಇಳಿಸಿದ್ದನ್ನ ನಿನ್ನ ಕೈಯಿಂದ ಯಾಕೆ ಈಸ್ಕೊಳ್ಲಿ?"

"ಅಯ್ಯೋ, ನನ್ ಕೈಗೇನಾಗಿದ್ದದು?" ಎಂದು ಅವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಅವಳ ಕೈಗೆ ಏನೂ ಆಗಿರಲಿಲ್ಲ. ಅದನ್ನು ಆಗಲೇ ಅವಳಿಗೆ ಹೇಳಬೇಕಾಗಿತ್ತು.

ದಸರಾ ಮುಗಿಯಿತು. ಶಾಲೆ ತೆರೆಯಲು ಏಳು ದಿನ ಉಳಿದಿತ್ತು. ಕೊನೆಗೆ ಮೇಷ್ಟ್ರೇ ಒಂದು ದಾರಿ ಹೇಳಿದ್ದರು: ಅಂಗಡಿಯಿಂದ ಸೀಲು ಒಡೆಯದ ಹೊಸ ಫ್ಲಾಪಿ ಪೆಟ್ಟಿಗೆ ತಾ, ನಾನೇ ಒಡೆದು, ನಾನೇ ತುಂಬಿ ಕೊಡುತ್ತೇನೆ. ನನ್ನ ಕೈ ತಾಕದ ಫ್ಲಾಪಿ ಅವರಿಗೆ ಬೇಕಾಗಿತ್ತು. ತಂದೆ. ಹತ್ತರ ಪೆಟ್ಟಿಗೆ. ಅಕ್ಟೋಬರ್ ಹದಿನಾರು, ಸೋಮವಾರ, ಎಲ್ಲರೂ ಇದ್ದ ಹೊತ್ತು.

ಮೇಷ್ಟ್ರು ಪ್ಲಾಸ್ಟಿಕ್ ಹರಿದರು. ಮೊದಲ ಫ್ಲಾಪಿಯನ್ನು ಒಳಗೆ ಒಯ್ದು ಒಂದನೇ ನಂಬರಿಗೆ ಹಾಕಿ, ಮೊದಲ ತುಂಡು ತುಂಬಿ, ಹೊರಗೆ ತಂದು ಮೇಜಿನ ಅಂಚಿನಲ್ಲಿ ಇಟ್ಟರು. ಕೈಗೆ ಕೊಡಲಿಲ್ಲ. ನಾನು ಅದನ್ನು ತೆಗೆದುಕೊಂಡು ಚೀಲಕ್ಕೆ ಹಾಕಿಕೊಳ್ಳದೆ ಆರನೇ ನಂಬರಿನ ಕಡೆ ನಡೆದೆ.

"ಎಲ್ಲಿಗಮ್ಮ?"

"ಆರರಲ್ಲಿ ತೋರಿಸಬೇಕಲ್ಲ ಸರ್. ನೀವೇ ಹೇಳಿದ್ದು."

"ಅದು ಒಳಗಿಂದ ಬಂದಿದ್ದು ಕಣಮ್ಮ! ಅದನ್ನೇನು ತೋರಿಸೋದು?"

ಅಷ್ಟರಲ್ಲಿ ಫ್ಲಾಪಿ ಹಾಕಿಯಾಗಿತ್ತು. ಗರಗರ ಸದ್ದು. ಆಮೇಲೆ ಪರದೆಯ ಮೇಲೆ ಒಂದು ಕೆಂಪು ಪಟ್ಟಿ. ಆರನೇ ನಂಬರಿನಲ್ಲಿ ಆರು ವಾರ ಕೂತಿದ್ದೇನೆ, ಆ ಕೆಂಪು ಪಟ್ಟಿಯನ್ನು ನಾನು ಕಂಡದ್ದು ಅದೇ ಮೊದಲು.

ಐದನೇ ನಂಬರಿನವಳು ತಲೆ ಬಗ್ಗಿಸಿ, ಎಲ್ಲರಿಗೂ ಕೇಳುವ ಹಾಗೆ ಪಿಸುಗುಟ್ಟಿದಳು: "ಸಾ, ಈಗ ಮೈಲಿಗೆ ಆಗಿದ್ದು ಯಾರ್ಗೆ ಸಾ?"

ಮೇಷ್ಟ್ರ ಮುಖ ಕೆಂಪಾಯಿತು. "ಆ ಪ್ರೋಗ್ರಾಂ ಹಳೇದು. ಸುಮ್ಮಸುಮ್ಮನೆ ತೋರಿಸುತ್ತೆ." ಇನ್ನೊಂದು ಹಾಕೋಣ ಸರ್ ಎಂದೆ. ಪೆಟ್ಟಿಗೆಯಲ್ಲಿ ಉಳಿದ ಒಂದು ಹೊಸ ಫ್ಲಾಪಿಯನ್ನು ಹಾಗೆಯೇ ಆರಕ್ಕೆ ಹಾಕಿ ತೋರಿಸಿದೆ: ಏನೂ ಇಲ್ಲ. ಅದನ್ನೇ ಅವರ ಮುಂದೆ ಇಟ್ಟೆ. ಅವರು ಒಳಗೆ ಒಯ್ದು ತುಂಬಿ ತಂದರು. ಮತ್ತೆ ಆರಕ್ಕೆ ಹಾಕಿದೆ: ಕೆಂಪು ಪಟ್ಟಿ.

ಆಗ ಡೈರಿ ತೆಗೆದೆ. ನಿಂತುಕೊಂಡೇ ಓದಿದೆ. ಅರವತ್ಮೂರು, ಒಂಬತ್ತು. ಹನ್ನೊಂದು, ಹನ್ನೊಂದು, ಸೊನ್ನೆ. ಐದು ಶನಿವಾರ, ಹದಿನೇಳು. ಹೆಸರು ಹೇಳಲಿಲ್ಲ, ಶನಿವಾರ ಎಂದರೆ ಸಾಕಾಗಿತ್ತು. ನನ್ನ ದನಿ ನಡುಗುತ್ತಿತ್ತು. ಅದು ಹೆದರಿಕೆಯಿಂದಲ್ಲ. ಆದರೆ ಕೇಳುವವರಿಗೆ ಹೆದರಿಕೆಯ ಹಾಗೇ ಕೇಳಿಸಿರಬೇಕು, ಅದೂ ನನಗೆ ಸಿಟ್ಟೇ.

"ನೀನು ಕಲಿಯೋದಕ್ಕೆ ಬಂದಿದ್ದೀಯೋ, ನಮ್ಮ ಮನೆಯವರ ಲೆಕ್ಕ ಇಡೋದಕ್ಕೆ ಬಂದಿದ್ದೀಯೋ?"

"ಯಾವ ದಿನ ಏನಾಯ್ತು ಅಂತ ಬರೆದಿಡಿ ಅಂತ ಹೇಳಿಕೊಟ್ಟಿದ್ದು ನೀವೇ ಸರ್. ಲಾಗ್ ಅಂತ."

ಅವರು ಗಾಜಿನ ಬಾಗಿಲು ಹಾಕಿಕೊಂಡು ಒಳಗೆ ಹೋದರು. ಅಂದು ಪಾಠ ಆಗಲಿಲ್ಲ.

ಮಂಗಳವಾರ ಬೆಳಿಗ್ಗೆ ಹೋದಾಗ ಮೇಷ್ಟ್ರು ಏನೂ ಆಗದವರ ಹಾಗೆ ನಗುತ್ತಿದ್ದರು. "ಒಂದನೇ ನಂಬರನ್ನ ಪೂರ್ತಿ ಅಳಿಸಿ ಹೊಸದಾಗಿ ಮಾಡಿದ್ದೀನಿ. ವೈರಸ್ ಪ್ರೋಗ್ರಾಮನ್ನ ಎಲ್ಲದಕ್ಕೂ ಹಾಕಿದ್ದೀನಿ. ಇನ್ನು ಮೇಲೆ ಯಾರು ಎಲ್ಲಿ ಬೇಕಾದರೂ ಕೂರಬಹುದು," ಎಂದು ಗೋಡೆಗೆ ಹೇಳಿದರು. ನಿಯಮ ಯಾಕೆ ಬಂತು, ಯಾಕೆ ಹೋಯಿತು ಎಂದು ಹೇಳಲಿಲ್ಲ. ಅಕ್ಕನ ಮಗನ ಮಾತು ಬರಲೇ ಇಲ್ಲ. ನನ್ನ ಕಡೆ ನೋಡಲೂ ಇಲ್ಲ.

ನಾನು ಶೇರ್ ಫೋಲ್ಡರ್ ತೆರೆದೆ. ಪಾಸ್‌ವರ್ಡ್ ಕೇಳಲಿಲ್ಲ. ಒಳಗೆ ಏನೂ ಇರಲಿಲ್ಲ.

"ಸರ್, ನಾನು ಇಳಿಸಿದ್ದು?"

"ಶುದ್ಧ ಮಾಡಬೇಕು ಅಂದರೆ ಎಲ್ಲಾ ಹೋಗುತ್ತಮ್ಮ. ಏನು ಮಾಡೋದು?"

ಮೂಲ ಫೈಲೊಂದನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಪರೀಕ್ಷೆ ಮಾಡಿ ಉಳಿಸಿಕೊಳ್ಳಬಹುದಿತ್ತು. ಐದು ನಿಮಿಷದ ಕೆಲಸ. ಅವರಿಗೆ ಗೊತ್ತಿತ್ತು; ನನಗೆ ಅದನ್ನು ಕಲಿಸಿದವರೇ ಅವರು. ಬೇಕೆಂದೇ ಅಳಿಸಿದರೋ, ಮರೆತರೋ, ಇವತ್ತಿಗೂ ಗೊತ್ತಿಲ್ಲ. ಮರೆತಿದ್ದರೆ ಅದು ಇನ್ನೂ ಕೆಟ್ಟದ್ದು ಎಂದು ಕೆಲವು ದಿನ ಅನ್ನಿಸುತ್ತದೆ.

"ಅವತ್ತೇ ನನ್ ಕೈಲಿ ಈಸ್ಕಂಡಿದ್ರೆ ಆಗ್ತಿರ್ನಿಲ್ವಾ? ನಿನ್ ಕ್ವಾಪಕ್ಕಿಷ್ಟು ಬೆಂಕಿ ಆಕ," ಎಂದಳು ಐದನೇ ನಂಬರಿನವಳು. ಅವಳು ಹೇಳಿದ್ದು ಸರಿ. ಸರಿಯಾದದ್ದನ್ನು ಹೇಳಿದಳೆಂದು ಅವಳ ಮೇಲೂ ರೇಗಿದೆ. ಅವಳು ತಿರುಗಿ ರೇಗಿದಳು. ಆಮೇಲೆ ತನ್ನ ಡಬ್ಬಿಯ ಅರ್ಧ ಚಿತ್ರಾನ್ನ ನನ್ನ ಕಡೆ ನೂಕಿ, "ತಿನ್ನು, ತಿಂದ್ಕಂಡು ರೇಗು," ಎಂದಳು. ತಿಂದೆ.

ಕೆಳಗಿಳಿದು ಸಾಹುಕಾರರನ್ನು ಕಂಡೆ. ಮೂರು ಮಧ್ಯಾಹ್ನ ಬೇಕು ಎಂದೆ.

"ಮತ್ತೆ ಕಪ್ಪೆಯಾ?"

"ಹ್ಞೂಂ ಸಾ."

"ಓಗು, ಮಾಡ್ಕೋ." ಮಂಡಿಯ ಆಳುಗಳ ಕಡೆ ತಿರುಗಿ ಕೂಗಿದರು: "ಲೇ, ಒಂದೂಕಾಲಿಂದ ಎರಡರ ಗಂಟ ಯಾವನಾರ ಫೋನ್ ಮುಟ್ಟಿದ್ರೆ ಕೈ ಮುರುದ್ಬುಟ್ಟೇನು ಕಣ್ರಲಾ!"

ಮೇಲೆ ಹೋಗಿ ಒಳಕೋಣೆಗೆ ನಡೆದೆ. ಬೀಗದ ಕೈ ಬಾಗಿಲಲ್ಲೇ ನೇತಾಡುತ್ತಿತ್ತು. ಯಾರನ್ನೂ ಕೇಳಲಿಲ್ಲ. ಮಂಗಳವಾರ ನೂರಕ್ಕೆ ಎಪ್ಪತ್ತರಲ್ಲಿ ಕಡಿಯಿತು. ಬುಧವಾರ ಮೂವತ್ತರಲ್ಲಿ. ಬುಧವಾರವೇ ಮೇಷ್ಟ್ರು ಊಟ ಮುಗಿಸಿ ಬೇಗ ಬಂದರು. ಗಾಜಿನ ಬಾಗಿಲ ಆಚೆ ನಿಂತರು. ನಾನು ಏಳಲಿಲ್ಲ. ಜುಲೈಯಿಂದ ಅವರು ಬಂದಾಗಲೆಲ್ಲ ಎದ್ದು ನಿಂತಿದ್ದೆ. ಸ್ವಲ್ಪ ಹೊತ್ತು ನೋಡಿ, "ಮುಗಿದ ಮೇಲೆ ಸ್ವಿಚ್ ಆರಿಸಮ್ಮ," ಎಂದು ಹೋದರು. ಆ ಮಾತಿನಲ್ಲಿ ಕ್ಷಮೆ ಇತ್ತೇನೋ ಎಂದು ಚಿಕ್ಕವ್ವ ಕೇಳಿದಳು. ನಾನು ಹುಡುಕಿದೆ, ಸಿಗಲಿಲ್ಲ. ಕ್ಷಮೆ ಕೇಳುವವರು ಸ್ವಿಚ್ಚಿನ ಮಾತು ಆಡುವುದಿಲ್ಲ.

ಗುರುವಾರ, ಒಂದು ಗಂಟೆ ಐವತ್ತೆರಡು ನಿಮಿಷಕ್ಕೆ ಪೂರ್ತಿ ಇಳಿಯಿತು. ಹತ್ತೂ ಫ್ಲಾಪಿಗಳನ್ನು ಅಳಿಸಿ ಹೊಸದಾಗಿ ಮಾಡಿ, ಐದರ ಎರಡು ಜೊತೆ ತುಂಬಿದೆ. ಒಂದೊಂದನ್ನೂ ಆರರಲ್ಲಿ ತೋರಿಸಿದೆ. ಯಾರೂ ಹೇಳದಿದ್ದರೂ.

ಶನಿವಾರ ನರಸೀಪುರ. ಶಾಲೆಗೆ ರಜೆ, ಹೆಡ್‌ಮೇಡಂ ನನಗಾಗಿಯೇ ಬಂದು ಬೀಗ ತೆಗೆಸಿದ್ದರು. ಮೊದಲ ಜೊತೆಯ ಮೂರನೇ ಫ್ಲಾಪಿ ಓದಲಿಲ್ಲ. ಎರಡನೇ ಜೊತೆಯ ಮೂರನೆಯದು ಓದಿತು. ಐದೂ ತುಂಡು ಕೂಡಿಕೊಂಡವು. ಕೀಲಿ ಒತ್ತಿದೆ. 'ಅ' ಬಂತು. ಮೇಡಂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಭೇಷ್. ಮೊದಲು ಒಂದು ಕಾಗದ ಬರಿ. ನಿಮ್ಮ ಮೇಷ್ಟ್ರಿಗೆ, ಶಾಲೆಯ ಪರವಾಗಿ. 'ತಮ್ಮ ಸಹಕಾರದಿಂದ ನಮ್ಮ ಶಾಲೆಯಲ್ಲಿ ಕನ್ನಡ' ಅಂತ ಶುರು ಮಾಡು. ಈ ಕಂಪ್ಯೂಟರಿನ ಮೊದಲ ಕಾಗದ ಅದೇ ಆಗಲಿ. ವಿದ್ಯೆ ಕೊಟ್ಟವರು."

ನನ್ನ ಬೆರಳು ಕೀಲಿಗಳ ಮೇಲೆ ಹಾಗೇ ನಿಂತವು. ಎರಡು ದಿನ ಕಳೆದರೆ ಸೋಮವಾರ. ಪೀರಿಯಡ್ ಕೊಡುವವರು ಅವರು. ನಾಲ್ಕು ಸಾಲು ಹೊಡೆದರೆ ಮುಗಿಯುತ್ತಿತ್ತು.

"ಬರೆಯಲ್ಲ ಮೇಡಂ."

"ಏನು?"

"ಈ ಕಾಗದ ನಾನು ಬರೆಯಲ್ಲ."

ಯಾಕೆ ಎಂದರು. ಡೈರಿಯ ಆ ಪುಟ ತೆಗೆದು ಅವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು, ಕಾಪಿ ತಿದ್ದುವ ಹಾಗೆ ಬೆರಳಿಟ್ಟು ಓದಿದರು. ಒಂದು ಕಡೆ ಬೆರಳು ನಿಂತಿತು.

"ಈ ಹನ್ನೊಂದು ಸಲದಲ್ಲಿ ಒಂದು ಸಲವೂ ಸಿಗಲಿಲ್ಲವಾ?"

"ಇಲ್ಲ ಮೇಡಂ."

ಪುಟ ಮುಚ್ಚಿದರು. ಸಮಾಧಾನ ಹೇಳಲಿಲ್ಲ, ಅಯ್ಯೋ ಎನ್ನಲಿಲ್ಲ. "ಕಾಗದ ನಾನು ಕೈಯಲ್ಲೇ ಬರೆದು ಹಾಕ್ತೀನಿ. ಅದು ಶಾಲೆಯ ಮರ್ಯಾದೆ, ನಿನ್ನದಲ್ಲ," ಎಂದರು. ಬರೆದರು ಕೂಡ, ಆಮೇಲೆ ಗೊತ್ತಾಯಿತು. ಅದರ ಬಗ್ಗೆಯೂ ನನಗೆ ಸಿಟ್ಟಿದೆ. ಆದರೆ ಆ ಗಳಿಗೆಯಲ್ಲಿ ಅವರು ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಹಾಕಿದರು. "ಸೋಮವಾರದಿಂದ ಶುರುವಾಗೋ ವೇಳಾಪಟ್ಟಿ. ಇದನ್ನ ಟೈಪ್ ಮಾಡು."

ಎಂಟನೇ ತರಗತಿ, ಮಂಗಳವಾರ, ಐದನೇ ಪೀರಿಯಡ್. ವಿಷಯ: ಕಂಪ್ಯೂಟರ್. ಪಕ್ಕದ ಕಾಲಂ ಖಾಲಿ ಇತ್ತು.

"ಶಿಕ್ಷಕರ ಹೆಸರು ಮೇಡಂ?"

"ಯಾರದ್ದು ಹಾಕ್ತೀಯ ಮತ್ತೆ? ನಿಂದೇ ಹಾಕು."

ನನ್ನ ಹೆಸರಿನಲ್ಲಿ ಒಂದು ಒತ್ತಕ್ಷರ ಇದೆ. ಎರಡು ಸಲ ತಪ್ಪಾಗಿ ಬಂತು, ಅಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ. ಮೂರನೇ ಸಲಕ್ಕೆ ಕೂಡಿಕೊಂಡಿತು. ಅಚ್ಚಾಗಿ ಬಂದ ಹಾಳೆಗೆ ಮೇಡಂ ಸಹಿ ಹಾಕಿದರು. ಜವಾನರಿಗೆ ಕೊಡು, ಅವರು ನೋಟಿಸ್ ಬೋರ್ಡಿಗೆ ಹಾಕುತ್ತಾರೆ ಎಂದರು. ಕೊಡಲಿಲ್ಲ. ನಾನೇ ಒಯ್ದು ಚುಚ್ಚಿದೆ, ಮೂಲೆಗೊಂದರಂತೆ ನಾಲ್ಕು ಪಿನ್ನು, ಹೆಬ್ಬೆರಳು ನೋಯುವಷ್ಟು ಒತ್ತಿ.